ಇವತ್ತು ಯಾವ ಬಟ್ಟೆ?

ಒಂದು ಮಾತು ಕೇಳುತ್ತೇನೆ, ಸುಳ್ಳು ಹೇಳಬಾರದು. ಹಬ್ಬದ ದಿನ ಯಾರದೋ ಮನೆಯಲ್ಲಿ ಖಾರದ ಅತ್ರಾಸ ತಿಂದು, ಕಣ್ಣಲ್ಲಿ ನೀರು ತುಂಬಿಕೊಂಡು, "ಬಹಳ ಚೆನ್ನಾಗಿದೆ, ಇನ್ನೊಂದು ಹಾಕಿ" ಎಂದಿದ್ದೀರಾ? ಇಲ್ಲ ತಾನೆ? ಹಾಗಾದರೆ ನಮ್ಮ ಬೀದಿಯ ಗಿರಣಿಯವಳು ನಿಮಗೆ ಗೊತ್ತಿಲ್ಲ ಎಂದಾಯಿತು.

ಅವಳ ಹೆಸರು ಬರೆಯುವುದಿಲ್ಲ. ಬರೆದರೆ ನಾಳೆ ಬೆಳಗ್ಗೆಯೇ ಫೋನು ಬರುತ್ತದೆ, ಆಮೇಲೆ ನನ್ನ ಕಿವಿಯ ಗತಿ ದೇವರಿಗೇ ಗೊತ್ತು. ವಿಶಾಖಪಟ್ಟಣದ ಎಂವಿಪಿ ಕಾಲೋನಿಯಲ್ಲಿ ನಮ್ಮ ಮನೆಯ ಸಾಲಿನಲ್ಲೇ, ಬೀದಿಯ ತುದಿಯಲ್ಲಿ ಅವಳ ಹಿಟ್ಟಿನ ಗಿರಣಿ ಇತ್ತು. ಇಲ್ಲಿಯ ತೆಲುಗಿನವರು ಅದಕ್ಕೆ ಪಿಂಡಿಮರ ಅನ್ನುತ್ತಾರೆ, ಬರೀ ಮರ ಎಂದರೂ ನಡೆಯುತ್ತದೆ. ನಾನು ಧಾರವಾಡದವಳು, ಬಂದರಿನಲ್ಲಿ ನೌಕರಿ ಸಿಕ್ಕಿದ ಗಂಡನ ಬೆನ್ನು ಹತ್ತಿ ಈ ಊರಿಗೆ ಬಂದವಳು. ಅವಳು ಬಳ್ಳಾರಿ ಕಡೆಯವಳು, ತೆಲುಗಿನವರ ಮನೆಗೆ ಸೊಸೆಯಾಗಿ ಬಂದವಳು. ಅವಳ ಕನ್ನಡಕ್ಕೆ ತೆಲುಗಿನ ಮರ್ಯಾದೆ ಮೆತ್ತಿಕೊಂಡಿತ್ತು. "ಬರ್ರಂಡಿ, ಕೂತ್ಕೊಳ್ರಂಡಿ, ಡಬ್ಬಿ ಅಲ್ಲಿಡ್ರಂಡಿ" ಎನ್ನುವಳು. ವಯಸ್ಸಿನಲ್ಲಿ ನನಗಿಂತ ಚಿಕ್ಕವಳು. ನಾನು ತಂಗಿ ಅಂದೆ, ಅವಳು ಅಕ್ಕಗಾರು ಅಂದಳು.

ನಾನು ಅವಳನ್ನು ಮೊದಲು ನೋಡಿದಾಗ, ಅಯ್ಯೋ ಪಾಪ, ಇಷ್ಟು ಎಳೆಯ ಹೆಂಗಸಿಗೆ ಹುಬ್ಬೆಲ್ಲ ನೆರೆತಿದೆಯಲ್ಲ ಎಂದುಕೊಂಡೆ. ಆಮೇಲೆ ಅವಳು ಸೆರಗಿನಿಂದ ಮುಖ ಒರೆಸಿಕೊಂಡಾಗ ಕರಿಹುಬ್ಬು ಹೊರಬಂತು. ದಿನವಿಡೀ ಅವಳ ಮೈಮೇಲೆ ಒಂದು ಪದರ ಹಿಟ್ಟು ಇರುತ್ತಿತ್ತು. ಮದುವೆ ಮನೆಯಲ್ಲಿ ರೇಷ್ಮೆ ಸೀರೆ ಉಟ್ಟು ಎದುರಿಗೆ ಬಂದು ನಿಂತರೆ ಬೀದಿಯವರೇ ಗುರುತು ಹಿಡಿಯುತ್ತಿರಲಿಲ್ಲ.

ಹಿಟ್ಟು ಬೀಳುವ ಕಡೆ ಬಟ್ಟೆಯ ತೋಳು ಇರುತ್ತದಲ್ಲ, ಅದನ್ನು ಅವಳು ಪ್ರತಿಯೊಬ್ಬರ ಸರದಿ ಮುಗಿದ ಮೇಲೂ ಅಂಗೈಯಿಂದ ಫಟಾರ್ ಫಟಾರ್ ಎಂದು ಹೊಡೆಯುವಳು, ಒಬ್ಬರ ಹಿಟ್ಟು ಇನ್ನೊಬ್ಬರ ಡಬ್ಬಿಗೆ ಹೋಗಬಾರದೆಂದು. ನಮ್ಮ ಮನೆಯವರು ಮಧ್ಯಾಹ್ನದ ನಿದ್ದೆಯಲ್ಲೂ ಆ ಸದ್ದು ಕೇಳಿ, "ಅವಳು ಯಾರಿಗೋ ಹೊಡೀಲಿಕ್ಕತ್ತಾಳ ನೋಡು" ಅನ್ನುತ್ತಿದ್ದರು. ಆಮೇಲೆ ಒಂದು ಚಿಟಿಕೆ ಹಿಟ್ಟನ್ನು ತನ್ನ ಮುಂಗೈಯ ಮೇಲೆ ಉಜ್ಜಿ, ತಲೆಯಾಡಿಸಿ, ಡಬ್ಬಿ ಕೈಗೆ ಕೊಡುವಾಗ ಎಲ್ಲರಿಗೂ ಒಂದೇ ಮಾತು: "ಬಿಸಿ ಇದ್ದಾಗ ಮುಚ್ಚಬ್ಯಾಡ್ರಂಡಿ. ಬೆವರ್ತದೆ."

ಮುಖ ನೋಡಿ ಮಣೆ ಹಾಕುವ ಅಭ್ಯಾಸ ಅವಳಿಗಿರಲಿಲ್ಲ. ತೊಟ್ಟು ತೆಗೆಯದ ಮೆಣಸಿನಕಾಯಿ ತಂದವರನ್ನು ಬಾಗಿಲಲ್ಲೇ ಕೂರಿಸಿ ತೊಟ್ಟು ತೆಗೆಸುತ್ತಿದ್ದಳು. ಒಮ್ಮೆ ಕಾಲೇಜಿನ ಪ್ರಿನ್ಸಿಪಾಲರೊಬ್ಬರು, ಕಾರಿನಲ್ಲಿ ಬಂದವರು, ಮೆಟ್ಟಿಲ ಮೇಲೆ ಕೂತು ತೊಟ್ಟು ಬಿಡಿಸುತ್ತ, ಬಂದು ಹೋಗುವ ತಮ್ಮ ವಿದ್ಯಾರ್ಥಿಗಳಿಗೆಲ್ಲ ನಮಸ್ಕಾರ ಹೇಳಿಸಿಕೊಳ್ಳುತ್ತಿದ್ದುದನ್ನು ನಾನು ಕಣ್ಣಾರೆ ನೋಡಿದ್ದೇನೆ. ನೋಡಲೆಂದೇ ಎರಡು ಸಲ ಆ ಕಡೆ ಹೋಗಿ ಬಂದೆ ಕೂಡ.

ಈಗ ಬಟ್ಟೆಯ ವಿಷಯಕ್ಕೆ ಬರೋಣ.

ದೊಡ್ಡ ಗಿರಣಿಯವರು ಖಾರಕ್ಕೊಂದು, ಹಿಟ್ಟಿಗೊಂದು ಬೇರೆ ಬೇರೆ ಯಂತ್ರ ಇಟ್ಟಿರುತ್ತಾರೆ. ಅವಳದು ಒಂದೇ ಯಂತ್ರ. ಖಾರ ಬೀಸಿದ ದಿನ ಅಕ್ಕಿ ಬೀಸುವ ಹಾಗಿಲ್ಲ. ಖಾರದ ದಿನ ಮುಗಿದ ಮೇಲೆ ಅದರ ಹೊಟ್ಟೆಯೆಲ್ಲ ಬಿಚ್ಚಿ, ಒರೆಸಿ, ನುಚ್ಚು ಹಾಕಿ ಓಡಿಸಿ, ಮತ್ತೆ ಒರೆಸಬೇಕು. ಅದಕ್ಕೇ ಅವಳು ದಿನಗಳನ್ನು ಹಂಚಿದ್ದಳು. ಯಾವ ವಾರ ಯಾವುದು ಎಂಬ ಲೆಕ್ಕ ಇರಲಿಲ್ಲ. ಮೋಡ ಇದ್ದರೆ ಖಾರ ಇಲ್ಲ, ಉಪ್ಪಿನಕಾಯಿ ಕಾಲದಲ್ಲಿ ಖಾರವೇ ಜಾಸ್ತಿ, ಹಬ್ಬ ಬಂದರೆ ಬರೀ ಅಕ್ಕಿ. ಬೆಳಗ್ಗೆ ಬಾಗಿಲು ತೆಗೆದು ಆಕಾಶ ನೋಡಿ, ಶಟರಿನ ಮೇಲಿನ ಕೊಂಡಿಗೆ ಒಂದು ಬಟ್ಟೆ ಕಟ್ಟುವಳು. ಬಿಳಿ ಬಟ್ಟೆ ಎಂದರೆ ಅಕ್ಕಿ, ಗೋಧಿ, ರಾಗಿ. ಕೆಂಪು ಎಂದರೆ ಮೆಣಸಿನಕಾಯಿ, ಸಾರಿನಪುಡಿ. ಬಟ್ಟೆಯೇ ಇಲ್ಲ ಎಂದರೆ ಅವಳು ಸಿನಿಮಾಕ್ಕೆ ಹೋಗಿದ್ದಾಳೆ.

ಇಡೀ ಬೀದಿ ಆ ಬಟ್ಟೆ ನೋಡಿ ಬದುಕುತ್ತಿತ್ತು. ಹಲ್ಲುಜ್ಜುತ್ತ ಬಾಲ್ಕನಿಗೆ ಬಂದವರು ಮೊದಲು ನೋಡುವುದು ಅದನ್ನೇ. "ಇವತ್ತು ಯಾವ ಬಟ್ಟೆ?" ಎಂದು ಮೇಲಿನ ಮನೆಯವರು ಕೆಳಗಿನವರನ್ನು ಕೂಗಿ ಕೇಳುವರು.

ಒಂದು ಸಂಕ್ರಾಂತಿಗೆ ಅವಳ ಮಗಳಿಗೆ ಹೆರಿಗೆ ಆಯಿತು. ಮಗಳನ್ನು ಕೊಟ್ಟಿರುವುದು ವಿಜಯವಾಡದ, ಇಲ್ಲಿಯವರ ಬಾಯಲ್ಲಿ ಬೆಜವಾಡದ, ಪಟಮಟಕ್ಕೆ. ಅವಳು ಗಂಡನಿಗೆ ಗಿರಣಿ ಒಪ್ಪಿಸಿ ಹೊರಟಳು. ಗಂಡ ಬಹಳ ಒಳ್ಳೆಯ ಮನುಷ್ಯ, ಅದೇ ತೊಂದರೆ. ಯಾರಿಗೂ ಇಲ್ಲ ಅನ್ನಲಾರರು. ಹೆಂಡತಿ ಬರುವಷ್ಟರಲ್ಲಿ ಎಲ್ಲ ಚೊಕ್ಕಟವಾಗಿರಲಿ ಎಂದು ಆ ಮಹಾರಾಯರು ಬಿಳಿ ಬಟ್ಟೆ, ಕೆಂಪು ಬಟ್ಟೆ ಎರಡನ್ನೂ ಒಂದೇ ಬಕೆಟ್ಟಿನ ಬಿಸಿನೀರಿಗೆ ಹಾಕಿ ಒಗೆದರು. ಮರುದಿನ ಬೆಳಗ್ಗೆ ಶಟರಿನ ಮೇಲೆ ಗುಲಾಬಿ ಬಟ್ಟೆ ಹಾರಾಡಿತು.

ನೆನೆದ ಅಕ್ಕಿ ಇಟ್ಟುಕೊಂಡವರು "ಬಿಳಿ ಬಟ್ಟೆ, ಸ್ವಲ್ಪ ಕೊಳೆಯಾಗಿದೆ" ಎಂದು ಓಡಿದರು. ಮೆಣಸಿನಕಾಯಿ ಒಣಗಿಸಿದವರು "ಕೆಂಪು ಬಟ್ಟೆ, ಸ್ವಲ್ಪ ಮಾಸಿದೆ" ಎಂದು ಓಡಿದರು. ಸಾಲು ಬೀದಿಯ ಮಧ್ಯದವರೆಗೆ ಬಂತು. ಆ ಒಳ್ಳೆಯ ಮನುಷ್ಯರು ಯಾರ ಮನಸ್ಸನ್ನೂ ನೋಯಿಸದೆ, ಬಂದ ಸರದಿಯಲ್ಲೇ, ಒಂದು ಡಬ್ಬಿ ಖಾರ ಒಂದು ಡಬ್ಬಿ ಅಕ್ಕಿ ಬೀಸಿ ಕೊಟ್ಟರು.

ಇಲ್ಲಿಯವರಿಗೆ ಸಂಕ್ರಾಂತಿ ಎಂದರೆ ಅರಿಸೆಲು, ಅಂದರೆ ನೆನೆದ ಅಕ್ಕಿಯ ಹಿಟ್ಟಿನಲ್ಲಿ ಮಾಡುವ ನಮ್ಮ ಅತ್ರಾಸವೇ. ಹೊಸ ಅಳಿಯ ಮನೆಗೆ ಬರುವುದೂ ಅದೇ ಹಬ್ಬಕ್ಕೆ. ನಮ್ಮ ಎದುರು ಮನೆಯ ಹೊಸ ಅಳಿಯ ಮೊದಲ ತುತ್ತಿಗೇ ಕೆಂಪಗಾದ. ನಾದಿನಿಯರು ತನ್ನನ್ನು ಪರೀಕ್ಷೆ ಮಾಡುತ್ತಿದ್ದಾರೆ ಎಂದುಕೊಂಡು, ಸೋಲಬಾರದೆಂದು, ಮೂಗಿನ ನೀರು ಒರೆಸಿಕೊಳ್ಳುತ್ತ ತಟ್ಟೆ ಪೂರ್ತಿ ಖಾಲಿ ಮಾಡಿದನಂತೆ. ಆ ಮನೆಯಲ್ಲಿ ಇವತ್ತಿಗೂ ಅವನಿಗೆ ದೊಡ್ಡ ಗೌರವ.

ಅವಳು ವಾಪಸು ಬಂದು ವಿಷಯ ಕೇಳಿ, ಗಂಡನ ಎದುರಿಗೇ ಸೂಜಿ ದಾರ ತೆಗೆದಳು. ಗುಲಾಬಿ ಬಟ್ಟೆಯನ್ನು ಹರಿದು ಅವರಿಗೆ ಎರಡು ಕರ್ಚೀಫು ಹೊಲಿದು ಕೊಟ್ಟಳು. ಅವರು ಅವನ್ನು ಹೆಮ್ಮೆಯಿಂದ ಜೇಬಿನಲ್ಲಿಟ್ಟುಕೊಂಡು ತಿರುಗುತ್ತಿದ್ದರು.

ಇಷ್ಟು ಚೆನ್ನಾಗಿ ನಡೆಯುತ್ತಿದ್ದ ಗಿರಣಿಗೆ ಕುತ್ತು ಬಂದದ್ದು ಒಂದು ಅಪಾರ್ಟ್‌ಮೆಂಟಿನಿಂದ. ನಮ್ಮ ಮನೆಗೂ ಗಿರಣಿಗೂ ಮಧ್ಯದ ಹಳೆಯ ಮನೆ ಕೆಡವಿ ಐದು ಅಂತಸ್ತು ಎಬ್ಬಿಸಿದರು, ಬೀದಿಗೆ ಮೂಗು ಚಾಚಿಕೊಂಡು. ನಮ್ಮ ಬಾಲ್ಕನಿಯಿಂದ ಶಟರು ಕಾಣದಾಯಿತು. ಜನ ರಾಗಿ ಹೊತ್ತುಕೊಂಡು ಹೋಗಿ ಕೆಂಪು ಬಟ್ಟೆ ನೋಡಿ ತಿರುಗಿ ಬಂದರು. ಎರಡು ಸಲ ಹೀಗಾದವರು ಮೂರನೆಯ ಸಲ ಅಂಗಡಿಯಿಂದ ಪಾಕೀಟು ಹಿಟ್ಟು ತಂದರು. ಹೊಸ ಅಪಾರ್ಟ್‌ಮೆಂಟಿನವರಿಗಂತೂ ಕೆಳಗೊಂದು ಗಿರಣಿ ಇದೆ ಎಂಬುದೇ ಗೊತ್ತಿರಲಿಲ್ಲ. ಫಟಾರ್ ಫಟಾರ್ ಸದ್ದು ಕಡಿಮೆಯಾಗುತ್ತ ಬಂತು. ನಮ್ಮ ಮನೆಯವರಿಗೆ ಮಧ್ಯಾಹ್ನ ನಿದ್ದೆ ಹತ್ತದಾಯಿತು.

ಒಂದು ದಿನ ನಾನು ಹೋದಾಗ ಅವಳ ಹುಬ್ಬು ಪೂರ್ತಿ ಕಪ್ಪಗಿತ್ತು. ನಾನೇ ಮಾತು ತೆಗೆದೆ.

"ಏನ ತಂಗಿ, ಇವತ್ತು ಬೋಣಿನೂ ಆಗಿಲ್ಲೇನು?"

"ಮಗಳು ಕರೀತಾ ಇದಾಳೆ ಅಕ್ಕಗಾರು, ಪಟಮಟಕ್ಕೆ ಬಂದುಬಿಡಮ್ಮಾ ಅಂತ. ಈ ಸಂಕ್ರಾಂತಿ ನೋಡ್ತೀನಂಡಿ. ನೆನೆದಕ್ಕಿ ಸಾಲು ಬರಲಿಲ್ಲ ಅಂದ್ರೆ ಮರ ಯಾರಿಗಾದ್ರೂ ಕೊಟ್ಟುಬಿಟ್ಟು ಹೋಗ್ತೀನಿ."

"ಹೋಗಿ ಅಲ್ಲೇನು ಮಾಡ್ತಿ?"

"ಅದೇ ಅಲ್ಲವಂಡಿ ಭಯ! ಟಿವಿ ಮುಂದೆ ಕೂತು ಅವರು ಕೊಟ್ಟಾಗ ಕಾಫಿ ಕುಡೀಬೇಕು. ಅಲ್ಲಿ ನಾನು ಇಂಥವರ ಅತ್ತೆ, ಇಂಥವರ ಅಮ್ಮಮ್ಮ. ಮರದವಳು ಅಂತ ಯಾರಿಗೆ ಗೊತ್ತು? ಮರ ಒಯ್ದು ಹೊಸ ಊರಲ್ಲಿ ಬಟ್ಟೆ ಕಟ್ಟಿದ್ರೂ, ಸೀರೆ ಒಣಗಿಸಿದಾಳೆ ಅನ್ಕೊಳ್ತಾರೆ."

ನಾನು ಮನೆಗೆ ಬಂದು ಊಟ ಬಿಟ್ಟೆ. ಎಂದರೆ, ಮಜ್ಜಿಗೆ ಅನ್ನ ಬಿಟ್ಟೆ, ಉಳಿದದ್ದು ತಿಂದೆ. ನನ್ನ ಸೊಸೆ ತೆಲುಗಿನ ಹುಡುಗಿ, ಒಂದು ಆಫೀಸಿನಲ್ಲಿ ಲೆಕ್ಕಪತ್ರದ ಕೆಲಸ. ಕನ್ನಡ ಕಲಿತದ್ದು ನನ್ನ ಹತ್ತಿರ, ಆದ್ದರಿಂದ ಬೈಗುಳ ಮೊದಲು ಕಲಿತಳು. ಅವಳೂ ಅದೇ ವಾರ ರಾಗಿ ಹೊತ್ತು ಹೋಗಿ, ಕೆಂಪು ಬಟ್ಟೆ ನೋಡಿ ತಿರುಗಿ ಬಂದಿದ್ದಳು.

"ಅತ್ತಯ್ಯಾ, ಫೋನಿನ್ಯಾಗ ಪಿಂಡಿಮರ ಅಂತ ಹುಡುಕಿದ್ರ ಬೀಚ್ ಕಡಿ ಇರೋ ಮರ ತೋರಸ್ತದ. ಅವರಿಗೆ ವೆಬ್‌ಸೈಟ್ ಅದ. ನಮ್ಮ ಬೀದ್ಯಾಗಿಂದು ಭೂಮಿ ಮ್ಯಾಲೇ ಇಲ್ಲ ಅನ್ನೋ ಹಂಗ ಸುಮ್ಮನಿರ್ತದ."

"ಹಂಗಂದ್ರ ಅಕಿಗೂ ಒಂದು ಮಾಡಿಕೊಡು, ಮಾರಾಯ್ತಿ!"

ಇಬ್ಬರೂ ಗಿರಣಿಗೆ ಹೋದೆವು. ಅವಳು ಒಪ್ಪಿದಳೆಂದುಕೊಂಡಿರಾ? ಯಂತ್ರದ ಮೇಲೆ ಕೈಯಿಟ್ಟುಕೊಂಡು, ನಾವು ಅದನ್ನು ಎತ್ತಿಕೊಂಡು ಹೋಗಲು ಬಂದವರೇನೋ ಎಂಬಂತೆ ನಿಂತಳು.

"ನಾನೇನು ಹೋಟೆಲ್ಲೇನಂಡಿ? ಏನಂತ ಹಾಕ್ತೀರಿ ಅದರಲ್ಲಿ? ಒಂದು ಮರ, ಒಬ್ಬ ಗಂಡ."

"ಗಂಡನನ್ನ ಹಾಕೋದು ಬ್ಯಾಡ ಪಿನ್ನಿಗಾರು," ಎಂದಳು ಸೊಸೆ. ಪಿನ್ನಿ ಎಂದರೆ ಚಿಕ್ಕಮ್ಮ. "ಬಟ್ಟಿ ಹಾಕೋಣು. ಪುಟ ತೆಗೆದ್ರ ಮೊದಲು ಇವತ್ತಿನ ಬಟ್ಟಿ ಕಾಣಬೇಕು. ದೊಡ್ಡದಾಗಿ."

"ಫೋನಲ್ಲಿ ಗ್ರೂಪ್ ಇದೆಯಲ್ಲಮ್ಮಾ. ಅದರಲ್ಲಿ ಹಾಕಿದ್ರೆ ಸಾಲದಾ?"

"ಗ್ರೂಪಿನ್ಯಾಗ ಇರೋರು ಆಗ್ಲೇ ನಿಮ್ಮವರು. ನಿಮ್ಮ ನಂಬರೇ ಗೊತ್ತಿಲ್ಲದವರು ಅಪಾರ್ಟ್‌ಮೆಂಟ್ ತುಂಬ ಕೂತಾರಲ್ಲ, ಅವರಿಗೆ? ಹಾಡು, ಹೂವಿನ ಫೋಟೋ, ಶುಭೋದಯ, ಇಷ್ಟರ ಕೆಳಗ ನಿಮ್ಮ ಬಟ್ಟಿ ಹುಡುಕಿ ಯಾರು ನೋಡ್ತಾರ?"

ಆ ಹೊತ್ತಿಗೆ ಸರಿಯಾಗಿ ಗಿರಣಿಯವಳ ಫೋನು ಬಡಿದುಕೊಂಡಿತು. ಎರಡೂ ಕೈಯಲ್ಲಿ ಹಿಟ್ಟು. ಮೊಣಕೈಯಿಂದ ಒತ್ತಿ, ಬಗ್ಗಿ, ಕಿವಿ ಇಟ್ಟು, "ಕೆಂಪಲ್ಲವಂಡಿ, ಬಿಳೀದು! ಬಿಳೀದು!" ಎಂದು ಕೂಗಿದಳು. ಇಟ್ಟ ಮೇಲೆ ಇನ್ನೊಂದು ಬಂತು. ಅದಕ್ಕೂ ಅದೇ ಕೂಗು. ಮೂರನೆಯದು ಬಂದಾಗ ಸೊಸೆ ಹುಬ್ಬು ಹಾರಿಸಿದಳು. ಆ ವಿದ್ಯೆ ಅವಳಿಗೆ ಕಲಿಸಿದವಳು ನಾನು.

"ಸರಿ, ಮಾಡಮ್ಮಾ," ಎಂದಳು ಗಿರಣಿಯವಳು, ಫೋನಿನ ಹಿಟ್ಟು ಒರೆಸುತ್ತ. "ಆದ್ರೆ ಸುಳ್ಳು ಹಾಕಬಾರದು. ಭಾರತದಲ್ಲೇ ಮೊದಲು, ಅಂಥದ್ದೆಲ್ಲ ಬೇಡ."

ಅವಳ ಫೋಟೋ ತೆಗೆಯುವುದೇ ಒಂದು ರಾಮಾಯಣವಾಯಿತು. ಮುಖ ತೊಳೆದು, ಪೌಡರು ಹಚ್ಚಿ, ಹೂ ಮುಡಿದು ಬಂದಳು. ತೆಗೆದದ್ದನ್ನು ನೋಡಿ ತಾನೇ ನಕ್ಕಳು. "ಇವಳ್ಯಾರಂಡಿ ಪೆಳ್ಳಿಕೂತುರು, ಮದುಮಗಳು? ಈ ಮುಖ ನೋಡಿ ಯಾರು ಅಕ್ಕಿ ತರ್ತಾರೆ?" ಎಂದು ಹೋಗಿ ಒಂದು ಡಬ್ಬಿ ಗೋಧಿ ಬೀಸಿ, ಹುಬ್ಬು ಬೆಳ್ಳಗಾದ ಮೇಲೆ ಬಂದು ನಿಂತಳು.

ಏನು ಬೀಸುತ್ತೇವೆ, ಎಷ್ಟು ಹೊತ್ತಿಗೆ ಬಾಗಿಲು, ಬರುವ ದಾರಿ ಹೇಗೆ, ಎಲ್ಲ ಸೊಸೆ ಫೋನಿನಲ್ಲೇ ಹಾಕಿದಳು. ತೊಟ್ಟು ತೆಗೆಯದ ಮೆಣಸಿನಕಾಯಿ ಮುಟ್ಟುವುದಿಲ್ಲ ಎಂಬುದನ್ನು ಗಿರಣಿಯವಳು ದಪ್ಪ ಅಕ್ಷರದಲ್ಲಿ ಹಾಕಿಸಿದಳು. "ಮನೇಲೇ ಗೊತ್ತಾಗಿಬಿಟ್ರೆ ನನ್ನ ಮೆಟ್ಟಿಲ ಮೇಲೆ ಜಗಳ ಇರಲ್ಲ." ಎಲ್ಲ ತೆಲುಗು, ಇಂಗ್ಲಿಷು. ಕೊನೆಗೆ ನನ್ನ ಕಡೆ ತಿರುಗಿ, "ತವರುಮನೆ ಭಾಷೇಲಿ ಒಂದು ಸಾಲು ಇರ್ಲಿ ಅಕ್ಕಗಾರು. ನೀವು ಈಗ ಫೋನಲ್ಲಿ ಕುಟ್ಟೋದು ಕಲ್ತಿದೀರಲ್ಲ," ಎಂದಳು. ನಾನು ಹೊಸದಾಗಿ ಕಲಿತಿದ್ದೆ, ಒಂದೇ ಬೆರಳು. ಅವಳ ಮಾತನ್ನೇ ಕುಟ್ಟಿದೆ: "ಹಿಟ್ಟು ಬಿಸಿ ಇರುವಾಗ ಮುಚ್ಚಬೇಡಿ. ಬೆವರುತ್ತದೆ." ಅಷ್ಟಕ್ಕೆ ಒಂದು ಲೋಟ ಕಾಫಿ ಆರಿ ಹೋಯಿತು.

ಆಮೇಲೆ ದಿನಾ ಬೆಳಗ್ಗೆ ಬಟ್ಟೆ ಕಟ್ಟಿ, ಅದರ ಫೋಟೋ ತೆಗೆದು ಏರಿಸುವುದು ಅವಳದೇ ಕೆಲಸ. ಮೊದಲ ವಾರ ಅವಳ ಹೆಬ್ಬೆರಳಿನ ಫೋಟೋ, ಆಕಾಶದ ಫೋಟೋ, ಒಮ್ಮೆ ಗಂಡನ ಲುಂಗಿಯ ಫೋಟೋ ಬಂದವು. ಲುಂಗಿ ಬಿಳಿಯದಾದ್ದರಿಂದ ಜನ ಅಕ್ಕಿ ತಂದರು, ಅದೃಷ್ಟಕ್ಕೆ ಅವತ್ತು ಬಿಳಿ ದಿನವೇ.

ಮೊದಲು ಇಳಿದು ಬಂದವರು ಐದು ಅಂತಸ್ತಿನವರು. "ಇಷ್ಟು ಹತ್ತಿರ ಇದ್ದೀರಾ ಆಂಟೀ! ಫೋನಲ್ಲಿ ನೋಡಿ ಗೊತ್ತಾಯ್ತು" ಎಂದರಂತೆ, ಮೇಲಿನಿಂದ ಕೆಳಗೆ ಬಗ್ಗಿ ನೋಡಿದ್ದರೂ ಸಾಕಾಗುತ್ತಿತ್ತು. ಆಮೇಲೆ ಬೇರೆ ಬೇರೆ ಕಾಲೋನಿಯವರು. ಯಾರೂ ತಪ್ಪು ದಿನ ಬರಲಿಲ್ಲ, ಯಾರೂ ಬರಿಗೈಯಲ್ಲಿ ಹೋಗಲಿಲ್ಲ. ಒಂದು ಭಾನುವಾರ ಉಕ್ಕಿನ ಕಾರ್ಖಾನೆಯ ಟೌನ್‌ಶಿಪ್ಪಿನಿಂದ ಎಂಜಿನಿಯರ್ ಗಂಡನ ಸ್ಕೂಟರಿನಲ್ಲಿ ಒಬ್ಬ ಹೆಂಗಸು ರಾಗಿ ಚೀಲ ತೊಡೆಯ ಮೇಲಿಟ್ಟುಕೊಂಡು ಬಂದಳು, ಅಷ್ಟು ದೂರದಿಂದ. ಮಂಡ್ಯದ ಕಡೆಯವಳು.

"ಕೊನೇಲಿ ಕನ್ನಡದ್ದು ಒಂದ್ ಸಾಲಿತ್ತಲ್ಲ, ಅದ ನೋಡ್ಬುಟ್ಟು ಬಂದ್ವಿ ಕಣಕ್ಕ. ಬೆವರ್ತದೆ ಅಂತ ನಮ್ಮವ್ವನೂ ಇಂಗೇ ಅಂತಿದ್ಲು," ಎಂದಳು.

ಗಿರಣಿಯವಳು ಆ ರಾಗಿಯನ್ನು ಎಷ್ಟು ಹೊತ್ತು ಬೀಸಿದಳೆಂದರೆ, ಹಿಂದಿನವರು ಕೆಮ್ಮಲು ಶುರು ಮಾಡಿದರು. ನಾನು ಮಾತ್ರ ಎಲ್ಲರಿಗೂ ಕೇಳುವಂತೆ "ಆ ಸಾಲು ನಾ ಬರದದ್ದು" ಎಂದು ಎರಡು ಸಲ ಹೇಳಿದೆ.

ಆ ಸಂಕ್ರಾಂತಿಗೆ ನೆನೆದಕ್ಕಿಯ ಸಾಲು ನಮ್ಮ ಮನೆ ದಾಟಿತು. ಫಟಾರ್ ಸದ್ದಿಗೆ ನಮ್ಮ ಮನೆಯವರು ಮಧ್ಯಾಹ್ನ ಗೊರಕೆ ಹೊಡೆದರು. ಅವಳ ಹುಬ್ಬು, ರೆಪ್ಪೆ, ಕಿವಿಯ ಓಲೆ ಎಲ್ಲ ಬಿಳಿ. ನಾನು ಸೊಸೆಯ ಬೆನ್ನು ತಟ್ಟಿ, "ಗೆದ್ವಿ ನೋಡು. ಇನ್ನ ಅಕಿ ಎಲ್ಲಿಗೂ ಹೋಗಂಗಿಲ್ಲ" ಎಂದೆ. ಇಷ್ಟು ದಿನ ನಾನು ವೆಬ್‌ಸೈಟು ವೆಬ್‌ಸೈಟು ಎಂದು ಕುಣಿದದ್ದು ಏತಕ್ಕೆ? ಅವಳನ್ನು ನಮ್ಮ ಬೀದಿಯಲ್ಲಿ ಕಟ್ಟಿಹಾಕುವುದಕ್ಕೆ.

ಬೇಸಿಗೆ ಬಂತು. ಉಪ್ಪಿನಕಾಯಿಯ ಖಾರವೆಲ್ಲ ಮುಗಿದ ಮೇಲೆ ಒಂದು ಮಧ್ಯಾಹ್ನ ಅವಳು ನಮ್ಮ ಮನೆಗೆ ಬಂದಳು. ಮುಖ ತೊಳೆದಿದ್ದಳು. ಅಷ್ಟಕ್ಕೇ ನನಗೆ ಅನುಮಾನ.

"ಪಟಮಟಕ್ಕೆ ಹೋಗ್ತಾ ಇದೀನಿ ಅಕ್ಕಗಾರು."

"ಯಾಕ? ಸಾಲು ನಿಂತಾವಲ್ಲ!"

"ಅದಕ್ಕೇ ಅಂಡಿ. ಮರಾನೂ ತಗೊಂಡು ಹೋಗ್ತೀನಿ. ಮಗಳ ಮನೆ ಕೆಳಗೇ ಒಂದು ರೂಮು ಸಿಕ್ತು. ಎರಡನೇ ಮೊಮ್ಮಗು ಬರೋದಿದೆ, ಅವಳಿಗೂ ನಾನು ಬೇಕು. ಇಷ್ಟು ದಿನ, ಅಲ್ಲಿ ನನ್ನ ಬಟ್ಟೆ ಯಾರು ನೋಡ್ತಾರೆ ಅಂತ ಒಂದೇ ಭಯ ಇತ್ತು. ಈಗ ಬಟ್ಟೆ ಎಲ್ಲಿ ಕಟ್ಟಿದ್ರೂ ಕಾಣಿಸ್ತದಲ್ಲ!"

ನಾನು ಸೊಸೆಯ ಮುಖ ನೋಡಿದೆ. ಅವಳು ಗೋಡೆಯ ಕ್ಯಾಲೆಂಡರು ನೋಡುತ್ತಿದ್ದಳು. ಮೊದಲೇ ಗೊತ್ತಿತ್ತು ಕಳ್ಳಿಗೆ, ಪುಟದ ವಿಳಾಸ ಬದಲಾಯಿಸಬೇಕಾದವಳು ಅವಳೇ ತಾನೆ.

"ನಿನ್ನ ಇಲ್ಲೇ ಇಟಗೋಬೇಕಂತ ನಾ ಮಾಡ್ಸಿದ್ದು, ತಂಗಿ! ಹಾರಿ ಹೋಗಲಿ ಅಂತಲ್ಲ."

"ನೀವೇ ಅಲ್ಲವಂಡಿ ರೆಕ್ಕೆ ಹೊಲಿದಿದ್ದು," ಎಂದು ನಕ್ಕಳು. ನಗುವಾಗ ಕಣ್ಣು ತುಂಬಿತ್ತು. ಖಾರದ ದಿನವೂ ಅವಳ ಕಣ್ಣು ಹಾಗಿರುತ್ತಿರಲಿಲ್ಲ.

ಯಂತ್ರ ಸಣ್ಣ ಲಾರಿಗೆ ಏರುವ ದಿನ ನಾನು ಮುನಿಸಿಕೊಂಡು ಒಳಗೇ ಕೂತೆ. ಸೊಸೆಯನ್ನು ಕಳಿಸಿ, ಅವಳ ಫೋನಿನ ವಿಡಿಯೋದಲ್ಲಿ ಎಲ್ಲ ನೋಡಿದೆ, ಅದು ಬೇರೆ. ಗಿರಣಿಯವಳ ಗಂಡ ಗುಲಾಬಿ ಕರ್ಚೀಫಿನಿಂದ ಬೆವರು ಒರೆಸಿಕೊಳ್ಳುತ್ತ ಹಗ್ಗ ಬಿಗಿಯುತ್ತಿದ್ದರು. ಅವಳು ಬರಿದಾದ ಕೋಣೆ ಗುಡಿಸಿ, ಗೋಡೆಯ ಮೂಲೆಯ ಹಿಟ್ಟನ್ನೂ ಕೆರೆದು ತೆಗೆದು, ಗುಬ್ಬಿಗಳಿಗೆ ಹಾಕಿ ಹತ್ತಿದಳು. ಲಾರಿ ತಿರುವಿನಲ್ಲಿ ಹೋಗುವಾಗ ನಾನು ತಡೆಯಲಾರದೆ ಬಾಲ್ಕನಿಗೆ ಓಡಿದೆ. ಆ ದರಿದ್ರ ಅಪಾರ್ಟ್‌ಮೆಂಟು ಅಡ್ಡ. ಕಾಣಲಿಲ್ಲ.

ಈಗ ಅವಳ ಪುಟದಲ್ಲಿ ಪಟಮಟದ ದಾರಿ ಇದೆ. ಫೋಟೋದಲ್ಲಿ ಬೇರೆ ಗೋಡೆ, ಹಸಿರು ಬಣ್ಣದ್ದು. ಬಟ್ಟೆಗಳು ಅವೇ. ಬಾಗಿಲು ತೆಗೆದ ವಾರದಲ್ಲೇ ಸುತ್ತಲಿನ ಬೀದಿಗಳವರು ಫೋನು ಹಿಡಿದುಕೊಂಡು ಬಂದರಂತೆ. ನಮ್ಮ ಬೀದಿಯಲ್ಲಿ ಅವಳಿಗೆ ಮರದವಳು ಎಂಬ ಹೆಸರು ಬರಲು ಎಷ್ಟೋ ವರ್ಷ ಹಿಡಿದಿತ್ತು. ಅಲ್ಲಿ ಅವಳನ್ನು ಇಂಥವರ ಅಮ್ಮಮ್ಮ ಎಂದು ಯಾರೂ ಕರೆಯುವುದಿಲ್ಲ. ಮೊಮ್ಮಗನನ್ನೇ ಮರದವಳ ಮೊಮ್ಮಗ ಅನ್ನುತ್ತಾರೆ ಎಂದು ಹೇಳಿಕೊಂಡು ನಗುತ್ತಾಳೆ. ಕೊನೆಯ ಸಾಲು ಕನ್ನಡದಲ್ಲಿ ಹಾಗೇ ಇದೆ. ದಿನಾ ನೋಡುತ್ತೇನೆ, ತೆಗೆದುಗಿಗೆದು ಬಿಟ್ಟಾಳು ಎಂದು.

ನಮಗೆ ಈಗ ಪಾಕೀಟು ಹಿಟ್ಟೇ ಗತಿ. ಮೊನ್ನೆ ಬೆಳಗ್ಗೆ ಹಲ್ಲುಜ್ಜುತ್ತ ಫೋನು ತೆಗೆದರೆ ಬಿಳಿ ಬಟ್ಟೆ. ತಡೆಯಲಾಗಲಿಲ್ಲ, ಕರೆ ಮಾಡಿ ರೇಗಿದೆ.

"ಏ ತಂಗಿ, ಯಾರ್ಯಾರಿಗೋ ಚಲೋ ಆತು ನಿನ್ನ ವೆಬ್‌ಸೈಟು. ಮಾಡ್ಸಿದಾಕಿ ನಾ, ನನಗೇನು ಬಂತು? ಇಲ್ಲಿಂದ ನಿನ್ನ ಬಿಳಿ ಬಟ್ಟಿ ನೋಡಿಕೋತ ಕೂಡೋದಷ್ಟೇ!"

ಆ ಕಡೆಯಿಂದ ಫಟಾರ್ ಫಟಾರ್ ಕೇಳಿಸಿತು. ಆಮೇಲೆ ಅವಳ ದನಿ.

"ನೋಡಿಕೋತ ಯಾಕೆ ಕೂತಿದೀರಂಡಿ? ರಾತ್ರಿ ಅಕ್ಕಿ ನೆನೆಹಾಕ್ಕೊಂಡು ರೈಲು ಹತ್ರಿ. ಬೆಜವಾಡದಲ್ಲಿ ಇಳಿಯೋ ಹೊತ್ತಿಗೆ ಸರಿಯಾಗಿ ನೆಂದಿರ್ತದೆ."